ಮೂಲಾಧಿಕಾರ ಸಂಕಥನ: ಅರಕಲಗೂಡು ಸೀಮೆಯ ಜಂಗಮವಾಣಿಗಳ ಕೆಲವು ತಾತ್ವಿಕ ನೆಲೆಗಳು

ಪ್ರಸ್ತುತ ಅಧ್ಯಯನವು ಜಂಗಮವಾಣಿಯ ಅಧಿಕಾರ ರಚನೆಯನ್ನು ಬಹುಶಿಸ್ತೀಯ ನೆಲೆಯಲ್ಲಿ ಮುಖಾಮುಖಿಯಾಗುವ ವಿನಮ್ರ ಪ್ರಯತ್ನ. ವ್ಯಾಪ್ತಿ: ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. ಮಿತಿ: ಚಾರ್ಜು ಇರುವಷ್ಟು ಹೊತ್ತು.

ಆಂಡ್ರಾಯ್ಡಿನ ಅಡಿಪಾಯ ಲಿನಕ್ಸ್. ಅದರೊಳಗೆ ಎಲ್ಲವನ್ನೂ ಮಾಡಬಲ್ಲ 'ರೂಟ್' ಎಂಬುವನ ಬಳಕೆದಾರ ಸಂಖ್ಯೆ 0. ಇದನ್ನು ಅಲ್ಲಮನ ಶೂನ್ಯ ಸಿಂಹಾಸನಕ್ಕೆ ಹೋಲಿಸದಿದ್ದರೆ ಮಾರ್ಗದರ್ಶಕರು ಸಹಿ ಹಾಕುವುದಿಲ್ಲವಾದ್ದರಿಂದ ಹೋಲಿಸಲಾಗಿದೆ. ನಾವು ಹಾಕಿಕೊಳ್ಳುವ ಆ್ಯಪುಗಳ ಸಂಖ್ಯೆ 10000ದಿಂದ ಶುರು. ದುಡ್ಡು ಕೊಟ್ಟು ಕೊಂಡವನ ಸ್ಥಾನಮಾನ ಇದರಿಂದಲೇ ವಿದಿತ.

ರೂಟಾಕಾಂಕ್ಷಿಗಳು ಚತುರ್ವಿಧ: ಆರ್ತ, ಜಿಜ್ಞಾಸು, ಅರ್ಥಾರ್ಥಿ, ಜ್ಞಾನಿ. ಕಂಪನಿಯವರೇ ತುಂಬಿಸಿಟ್ಟ, ಅಳಿಸಲು ಬಾರದ ಆ್ಯಪುಗಳಿಂದ ಜಾಗ ಕಳೆದುಕೊಂಡವನು ಆರ್ತ. ಬಿಲ್ಡ್ ನಂಬರಿನ ಮೇಲೆ 7 ಸಲ ಬೆರಳು ಕುಟ್ಟಿ ತಾನೂ ಡೆವಲಪರ್ ಆದೆನೆಂದು ಬೀಗುವವನು ಜಿಜ್ಞಾಸು. ಅರ್ಥಾರ್ಥಿ ಬಸ್‌ಸ್ಟ್ಯಾಂಡ್ ಬಳಿಯ ಮೊಬೈಲ್ ಅಂಗಡಿಯಲ್ಲಿರುತ್ತಾನೆ: "ಮಾಡ್ಕೊಡ್ತೀನಿ ಕಣಣ್ಣ, ಆದ್ರೆ ಸೆಟ್ ಡೆಡ್ ಆದ್ರೆ ನನ್ನ ಕೇಳ್‌ಬ್ಯಾಡ." ಜ್ಞಾನಿಯ ಲಕ್ಷಣ ಹೇಳುವಷ್ಟರಲ್ಲಿ ಕನ್ನಡದ ವಿಷಯ ನೆನಪಾಗಿ ವರ್ಗೀಕರಣದ ಹುಮ್ಮಸ್ಸೇ ಹೋಯಿತು.

ಆಂಡ್ರಾಯ್ಡಿಗೆ ಕನ್ನಡ ಅಧಿಕೃತವಾಗಿ ಬಂದದ್ದು 2012ರಲ್ಲಿ, 4.1ನೇ ಆವೃತ್ತಿಯ ಜೊತೆ. ಅಲ್ಲಿಯವರೆಗೆ ಬಹಳಷ್ಟು ಫೋನುಗಳಲ್ಲಿ ನಮ್ಮ ನುಡಿ ಎಂದರೆ ಸಾಲುಸಾಲು ಖಾಲಿ ಚೌಕ. ಒಪೆರಾ ಮಿನಿಯ ಗುಪ್ತ ಸೆಟ್ಟಿಂಗ್ ಬದಲಿಸಿ ಅಕ್ಷರಗಳನ್ನು ಚಿತ್ರವಾಗಿ ತರಿಸಿಕೊಂಡು ಓದಿದವರುಂಟು. ಅದು ಸಾಲದವರು ಫೋನು ರೂಟ್ ಮಾಡಿ, ಸಿಸ್ಟಂ ಫೋಲ್ಡರಿನೊಳಕ್ಕೆ ಕನ್ನಡ ಫಾಂಟ್ ತುರುಕಬೇಕಿತ್ತು. ತುರುಕಿದರೂ ಒತ್ತಕ್ಷರ ಕೂರುತ್ತಿರಲಿಲ್ಲ. ಹೀಗೆ ತಾಲ್ಲೂಕುಗಳಲ್ಲೇ ಭೇದ ಹುಟ್ಟಿತು: ಒತ್ತಿಲ್ಲದ ಅರಕಲಗೂಡು ಹೇಗೋ ಓದಿಸಿಕೊಂಡಿತು, ಆ ಕಡೆಯದು ಚನ್‌ನರಾಯಪಟ್‌ಟಣವಾಯಿತು. ಅರಕಲಗೂಡನ್ನು ಹೆಸರಲ್ಲೇ ಹೊತ್ತಿದ್ದ ಅ.ನ.ಕೃ. 1971ರಲ್ಲೇ ತೀರಿಕೊಂಡರು, ಇದ್ದಿದ್ದರೆ ಫೋನು ಹಿಡಿದು ಬೀದಿಗಿಳಿಯುತ್ತಿದ್ದರು. ತಾಯ್ನುಡಿ ಓದಲು, ತಾನೇ ಕೊಂಡ ವಸ್ತುವಿಗೆ ತಾನೇ ಕನ್ನ ಹಾಕಬೇಕು! ಇದಕ್ಕೆ ಸಂಕಥನವೂ ಬೇಡ, ನೆಲೆಯೂ ಬೇಡ. ಇದು ಅವಮಾನ.

ಇರಲಿ, ಸಪ್ತಕ ಸಿದ್ಧಾಂತಕ್ಕೆ ಬರೋಣ. ಬೆರಳು ಕುಟ್ಟುವುದು 7 ಸಲ. ರೂಟ್ ಮಾಡುವ ಮೊದಲು ತೆಗೆಯಬೇಕಾದ ಬೂಟ್‌ಲೋಡರ್ ಬೀಗವನ್ನು ಬಿಚ್ಚಲು ಎಷ್ಟೋ ಶಿಯೋಮಿ ಫೋನುಗಳು ಕಾಯಿಸಿದ್ದು 168 ಗಂಟೆ, ಅಂದರೆ 7 ದಿನ. ದೇವರಾಜ ಅರಸರ ಕಾಲದ 1974ರ ಭೂಸುಧಾರಣೆಯಲ್ಲಿ ಗೇಣಿದಾರ ಹಾಕಿದ ಅರ್ಜಿಯೂ 7ನೇ ನಮೂನೆ. ಅವನು ಅದನ್ನು ಹಾಕಿದ್ದು ಭೂ ನ್ಯಾಯಮಂಡಳಿಗೆ. ಫೋನಿನ ಗೇಣಿದಾರ ಬೀಗ ಜಡಿದ ಧಣಿಗೇ ಹಾಕಬೇಕು.

ಬೀಗ ಬಿಚ್ಚಿದೊಡನೆ ಫೋನು ಒಳಗಿದ್ದುದನ್ನೆಲ್ಲ ಅಳಿಸಿಹಾಕುತ್ತದೆ. ಆಮೇಲೆ ಆಲೂಗೆಡ್ಡೆ ದುಡ್ಡು ಬಂತೋ ಇಲ್ಲವೋ ನೋಡೋಣವೆಂದರೆ ಎಷ್ಟೋ ಬ್ಯಾಂಕುಗಳ ಆ್ಯಪು ತೆರೆಯುವುದೇ ಇಲ್ಲ, ಸಾಧನ ಸುರಕ್ಷಿತವಲ್ಲವಂತೆ. ಕಂಪನಿ ಕೈಬಿಟ್ಟು ವರ್ಷಗಳಾದ, ಭದ್ರತಾ ಅಪ್‌ಡೇಟಿನ ಮುಖ ಕಾಣದ ಹಳೇ ಸೆಟ್ಟಿನಲ್ಲಿ ಅದೇ ಆ್ಯಪು ಸಲೀಸಾಗಿ ಓಡುತ್ತದೆ. ಆ ಸೆಟ್ಟಿಗೆ ರೈತನ ಮಗ ರಾತ್ರಿಯೆಲ್ಲ ಕೂತು ಲಿನೇಜ್ ಓಎಸ್ ಎಂಬ ಹೊಸ ಆಂಡ್ರಾಯ್ಡ್ ಹಾಕಿದರೆ, ಬೆಳಿಗ್ಗೆ ಅಪ್ಪ ಪಾಸ್‌ಬುಕ್ ಹಿಡಿದು ಬ್ಯಾಂಕಿನ ಕ್ಯೂನಲ್ಲಿ ನಿಲ್ಲಬೇಕು.