ನಾಲ್ಕು ಜನ

ಕನ್ನಡ ನಾಡಿನಲ್ಲಿ ಅತ್ಯಂತ ಜಾಗೃತವಾದ ದೈವ ಯಾವುದು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ನನ್ನ ಉತ್ತರ: ‘ನಾಲ್ಕು ಜನ’. ಈ ದೈವಕ್ಕೆ ಗುಡಿಯಿಲ್ಲ, ಮೂರ್ತಿಯಿಲ್ಲ, ಹುಂಡಿಯಿಲ್ಲ. ಆದರೂ ಇದಕ್ಕೆ ಅಂಜದ ಮನೆಯಿಲ್ಲ. ‘ನಾಲ್ಕು ಜನ ಏನಂದಾರು’ ಎಂದು ಮಗಳ ಮದುವೆಗೆ ಸಾಲ ಮಾಡುತ್ತೇವೆ. ‘ನಾಲ್ಕು ಜನರ ಬಾಯಿಗೆ ಬೀಳಬಾರದು’ ಎಂದು ಮಗನಿಗೆ ಬೇಡದ ಕೋರ್ಸು ಓದಿಸುತ್ತೇವೆ. ‘ಹೋಗುವಾಗ ಹೆಗಲು ಕೊಡಲಿಕ್ಕಾದರೂ ನಾಲ್ಕು ಜನ ಬೇಡವೇ’ ಎಂದು, ಮಾತು ಬಿಟ್ಟ ದಾಯಾದಿಯ ಗೃಹಪ್ರವೇಶಕ್ಕೂ ಹೋಗಿ ಉಂಡು ಬರುತ್ತೇವೆ. ದೇವರಿಗಾದರೆ ತಪ್ಪುಕಾಣಿಕೆ ಹಾಕಿ ಪಾರಾಗಬಹುದು. ನಾಲ್ಕು ಜನರಲ್ಲಿ ಆ ಸೌಲಭ್ಯವಿಲ್ಲ. ನಾಸ್ತಿಕನ ಬದುಕು ಕಷ್ಟ ಎನ್ನುವವರು, ದೇವರನ್ನು ಬಿಡುವುದು ಕಷ್ಟ ಎಂಬ ಅರ್ಥದಲ್ಲಿ ಹಾಗೆ ಹೇಳುತ್ತಾರೆ. ಅದು ತಪ್ಪು ತಿಳಿವಳಿಕೆ. ದೇವರನ್ನು ಒಂದು ಮಧ್ಯಾಹ್ನ, ಊಟವಾದ ಮೇಲೆ, ಒಳ್ಳೆಯದೊಂದು ಪುಸ್ತಕ ಓದಿ ಬಿಟ್ಟುಬಿಡಬಹುದು. ಯಾಕೆ ಬಿಟ್ಟೆ ಎಂದು ಅವನು ಕೇಳುವುದಿಲ್ಲ. ಕೇಳುವವಳು ಸೋದರತ್ತೆ. ಹಾಗಾಗಿ ನನ್ನ ವಾದ ಇಷ್ಟು: ದೇವರಿಲ್ಲದೆ ಬಾಳಬಹುದು, ನಾಲ್ಕು ಜನರಿಲ್ಲದೆ ಬಾಳಲಾಗದು. ಹುಟ್ಟಿನಿಂದ ಬಂದ ನಾಲ್ವರನ್ನು ಕಳೆದುಕೊಂಡ ನಾಸ್ತಿಕ ಬೇರೆ ನಾಲ್ವರನ್ನು ದುಡಿದು ಸಂಪಾದಿಸಬೇಕು. ಬರೀ ‘ದೇವರಿಲ್ಲ’ ಎಂಬ ಮಾತಿಗೆ ಆ ನಾಲ್ವರು ಸಿಗುವುದಿಲ್ಲ.

ಮೊದಲು ಸಂಖ್ಯಾಬಲ ನೋಡೋಣ. 2011ರ ಜನಗಣತಿಯಲ್ಲಿ 121 ಕೋಟಿ ಜನರ ಪೈಕಿ ನಾಸ್ತಿಕರೆಂದು ಲೆಕ್ಕಕ್ಕೆ ಸಿಕ್ಕವರು ಸುಮಾರು 33 ಸಾವಿರ. ದೇಶದ ಅಷ್ಟೂ ನಾಸ್ತಿಕರನ್ನು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕೂರಿಸಿದರೂ ಒಂದಷ್ಟು ಕುರ್ಚಿ ಮಿಗುತ್ತವೆ. ಕೊನೆಯ ಓವರಿನಲ್ಲಿ ಹದಿನೈದು ರನ್ ಬೇಕಾದಾಗ ಅವರಲ್ಲಿ ಎಷ್ಟು ಮಂದಿ ನಾಸ್ತಿಕರಾಗಿ ಉಳಿದಾರು ಎಂಬುದನ್ನು ಯಾವ ಗಣತಿಯೂ ಹೇಳಲಾರದು. ಅದೇ ಗಣತಿಯಲ್ಲಿ ಧರ್ಮ ಯಾವುದೆಂದು ತಿಳಿಸದವರು 28 ಲಕ್ಷಕ್ಕೂ ಹೆಚ್ಚು. ನಿಜವಾದ ಸಂಖ್ಯೆ ಇವೆರಡರಲ್ಲಿ ಯಾವುದೂ ಆಗಿರಲಾರದು. ಏಕೆಂದರೆ ಗಣತಿಯ ಮೇಷ್ಟರು ಬಾಗಿಲು ತಟ್ಟುವ ಹೊತ್ತಿಗೆ ನಾಸ್ತಿಕ ಕಚೇರಿಯಲ್ಲಿರುತ್ತಾನೆ. ಬಾಗಿಲು ತೆರೆದ ತಾಯಿ ಇಡೀ ಮನೆಯ ಧರ್ಮವನ್ನು ಒಂದೇ ಉಸಿರಿನಲ್ಲಿ ಬರೆಸಿ, ಮೇಷ್ಟರಿಗೆ ಕಾಫಿ ಕೊಟ್ಟು ಕಳಿಸುತ್ತಾಳೆ. ಹೀಗೆ ಸರ್ಕಾರದ ಕಡತದಲ್ಲಿ ಭಕ್ತನಾಗಿ, ಸ್ನೇಹಿತರ ನಡುವೆ ವಿಚಾರವಾದಿಯಾಗಿ, ಮನೆಯಲ್ಲಿ ‘ಅವನದೊಂದು ಹುಚ್ಚು’ ಎನಿಸಿಕೊಂಡು ಬದುಕುವ ಜೀವಿಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಇವರ ನಿಜವಾದ ಪರೀಕ್ಷೆ ನಡೆಯುವುದು ತತ್ವಶಾಸ್ತ್ರದ ಗ್ರಂಥದಲ್ಲಲ್ಲ, ಸತ್ಯನಾರಾಯಣ ಪೂಜೆಯಲ್ಲಿ. ಪುರೋಹಿತರು ಉದ್ಧರಣೆ ಹಿಡಿದು ಸಾಲಿನಲ್ಲಿ ಬರುತ್ತಾರೆ. ಕೈ ತಾನಾಗಿ ಚಾಚಿಕೊಳ್ಳುತ್ತದೆ. ಅಂಗೈಯ ಗುಳಿಗೆ ಏಲಕ್ಕಿ, ಪಚ್ಚಕರ್ಪೂರದ ಘಮದ ತೀರ್ಥ ಬೀಳುತ್ತದೆ. ಕುಡಿದರೆ ಸಿದ್ಧಾಂತ ಕೆಟ್ಟಿತು, ಚೆಲ್ಲಿದರೆ ಊಟ ಕೆಟ್ಟಿತು. ಕೊನೆಗೆ ಅರ್ಧ ಕುಡಿದು, ಉಳಿದದ್ದನ್ನು ತಲೆಗೆ ಒರೆಸಿಕೊಂಡು, ಎದುರು ಸಾಲಿನಲ್ಲಿ ಹಾಗೆಯೇ ಒರೆಸಿಕೊಳ್ಳುತ್ತಿರುವ ಇನ್ನೊಬ್ಬನನ್ನು ಕಂಡು ಇವನ ತುಟಿಯಂಚಿನಲ್ಲಿ ನಗು ಮೂಡುತ್ತದೆ. ನಾಸ್ತಿಕರ ಸಂಘ ಹುಟ್ಟುವ ಗಳಿಗೆ ಅದೇ. ಇನ್ನೂರು ಜನರ ಮಧ್ಯೆ ಒಂಟಿಯಾಗಿದ್ದವನಿಗೆ ಒಬ್ಬ ಸಿಕ್ಕ.

ಆದರೆ ಆ ನಗುವನ್ನು ನಂಬಿ ಸಂಘ ನೋಂದಾಯಿಸಲು ಓಡಬಾರದು. ಇಲ್ಲ ಎಂಬುದು ಒಳ್ಳೆಯ ತೀರ್ಮಾನ ಇರಬಹುದು, ಒಳ್ಳೆಯ ಅಂಟು ಮಾತ್ರ ಅಲ್ಲ. ಹಾಗಲಕಾಯಿ ತಿನ್ನದವರೆಲ್ಲ ಸೇರಿ ಸಂಘ ಕಟ್ಟಿದರೆಂದು ಇಟ್ಟುಕೊಳ್ಳಿ. ಮೊದಲ ಸಭೆಯಲ್ಲಿ ತಾವೇಕೆ ತಿನ್ನುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ಎರಡನೆಯದರಲ್ಲಿ ತಿನ್ನುವವರನ್ನು ಬಯ್ಯುತ್ತಾರೆ, ಮೂರನೆಯದಕ್ಕೆ ಕೋರಂ ಇರುವುದಿಲ್ಲ. ಇದಕ್ಕೆ ಗಾಂಧೀಜಿಯ ಆತ್ಮಕಥೆಯಲ್ಲೇ ಒಂದು ಸಾಕ್ಷ್ಯವಿದೆ. 1891ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಬ್ರಾಡ್ಲಾ ತೀರಿಕೊಂಡ. ಹೆಸರಾಂತ ನಾಸ್ತಿಕ; 1880ರಲ್ಲಿ ಪಾರ್ಲಿಮೆಂಟಿಗೆ ಆರಿಸಿ ಬಂದರೂ, ದೇವರ ಹೆಸರಿನ ಪ್ರಮಾಣವಚನದ ತಕರಾರಿನಿಂದಾಗಿ ನೆಮ್ಮದಿಯಿಂದ ಕುರ್ಚಿಯಲ್ಲಿ ಕೂರಲು 1886ರವರೆಗೆ ಕಾಯಬೇಕಾಯಿತು. ಅವನ ಅಂತ್ಯಕ್ರಿಯೆಗೆ ಇಪ್ಪತ್ತೊಂದರ ಹರೆಯದ ಗಾಂಧಿಯೂ ಹೋಗಿದ್ದರು. ವಾಪಸಾಗುವಾಗ ರೈಲು ನಿಲ್ದಾಣದಲ್ಲಿ ನಾಸ್ತಿಕ ವೀರನೊಬ್ಬ ಪಾದ್ರಿಯೊಬ್ಬರನ್ನು ಹಿಡಿದುಕೊಂಡ: ದೇವರಿದ್ದಾನೆ ಎನ್ನುತ್ತೀರಲ್ಲ, ಭೂಮಿಯ ಸುತ್ತಳತೆ 28 ಸಾವಿರ ಮೈಲಿ ಎಂದು ಒಪ್ಪುತ್ತೀರಲ್ಲ, ಹಾಗಾದರೆ ನಿಮ್ಮ ದೇವರ ಗಾತ್ರವೆಷ್ಟು, ಇರುವುದೆಲ್ಲಿ ಎಂದ. ನಮ್ಮಿಬ್ಬರ ಹೃದಯದಲ್ಲಿ ಎಂದು ಪಾದ್ರಿ ಮೆಲ್ಲಗೆ ಹೇಳಿದರು. ನನ್ನನ್ನೇನು ಮಗುವೆಂದುಕೊಂಡಿರಾ ಎಂದು ವೀರ ಸುತ್ತಲಿದ್ದವರತ್ತ ಗೆಲುವಿನ ನೋಟ ಬೀರಿದ, ಪಾದ್ರಿ ಸುಮ್ಮನಾದರು. ತಮಾಷೆಯೆಂದರೆ ಭೂಮಿಯ ಸುತ್ತಳತೆ 25 ಸಾವಿರ ಮೈಲಿಯನ್ನೂ ಮುಟ್ಟುವುದಿಲ್ಲ. ದೇವರ ಅಳತೆಗೆ ಹೊರಟವನು ಭೂಮಿಗೇ ಮೂರು ಸಾವಿರ ಮೈಲಿ ಹೆಚ್ಚು ಕೊಟ್ಟಿದ್ದ. ಪಾದ್ರಿ ಅದನ್ನೂ ನಂಬಿಕೆಯಿಂದಲೇ ಒಪ್ಪಿದ್ದರು. ವಾದದಲ್ಲಿ ಗೆದ್ದದ್ದು ಯಾರೋ ಬಿಡಿ, ಗಾಂಧಿಗೆ ನಾಸ್ತಿಕತೆಯ ಮೇಲಿದ್ದ ಬೇಸರ ಇದರಿಂದ ಇನ್ನಷ್ಟು ಹೆಚ್ಚಾಯಿತು. ಆದರೆ ಆ ದಿನ ಸ್ಮಶಾನಕ್ಕೆ ಬಂದಿದ್ದ ಭಾರತೀಯರನ್ನು ನೋಡಿ: ಲಂಡನ್ನಿನಲ್ಲಿದ್ದವರೆಲ್ಲ ಬಂದಿದ್ದರೆಂದು ಗಾಂಧೀಜಿಯ ನೆನಪು. ಅವರಲ್ಲಿ ಹೆಚ್ಚಿನವರು ಮಡಿ, ಜನಿವಾರ, ನಮಾಜುಗಳ ನಾಡಿನಿಂದ ಹೋದವರು. ಬ್ರಾಡ್ಲಾ ಪಾರ್ಲಿಮೆಂಟಿನಲ್ಲಿ ಭಾರತದ ಪರ ಮಾತಾಡಿದ್ದ, 1889ರ ಮುಂಬಯಿ ಕಾಂಗ್ರೆಸ್ ಅಧಿವೇಶನಕ್ಕೆ ಬಂದಿದ್ದ. ಆ ಭಾರತೀಯರನ್ನು ಸ್ಮಶಾನಕ್ಕೆ ಕರೆತಂದದ್ದು ಅದೇ. ಕೆಲಸ ಮಾಡಿದ ನಾಸ್ತಿಕನಿಗೆ ಹೆಗಲು ಕೊಡಲು ಒಂದು ದೇಶವೇ ಬಂತು. ವಾದ ಮಾಡಿದ ನಾಸ್ತಿಕ ಇದ್ದ ಒಬ್ಬ ಗಾಂಧಿಯನ್ನೂ ಕಳೆದುಕೊಂಡ.

ಇದೇ ಗಾಂಧಿ ಅರ್ಧ ಶತಮಾನದ ನಂತರ ಒಬ್ಬ ನಾಸ್ತಿಕನಿಗೆ ಒಲಿದದ್ದು ಇದರ ಮುಂದಿನ ಅಧ್ಯಾಯ. ಆಂಧ್ರದ ಗೋಪರಾಜು ರಾಮಚಂದ್ರ ರಾವ್, ಎಲ್ಲರ ಬಾಯಲ್ಲಿ ಗೋರಾ, ಸಸ್ಯಶಾಸ್ತ್ರದ ಅಧ್ಯಾಪಕರು. ದೇವರಿಲ್ಲ ಎಂದದ್ದಕ್ಕೆ ಕೆಲಸ ಕಳೆದುಕೊಂಡವರು. 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ನಾಸ್ತಿಕ ಕೇಂದ್ರ ತೆರೆದರು; 1947ರಲ್ಲಿ ಅದು ವಿಜಯವಾಡಕ್ಕೆ ಬಂತು. ಮಕ್ಕಳಿಗೆ ಹೆಸರಿಡುವಾಗ ಅವರಿಗೆ ನಾಮನಕ್ಷತ್ರದ ಗೊಡವೆ ಇರಲಿಲ್ಲ: ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ ಹುಟ್ಟಿದವನು ಲವಣಂ, ಮಹಾಯುದ್ಧದ ಕಾಲದವನು ಸಮರಂ, ಒಂಬತ್ತನೆಯದು ನೌ. ಗರ್ಭಿಣಿ ಗ್ರಹಣ ನೋಡಬಾರದೆಂಬ ಮಾತಿಗೆ ಅವರ ಹೆಂಡತಿ ಸರಸ್ವತಿ ಭಾಷಣದಿಂದ ಉತ್ತರಿಸಲಿಲ್ಲ. ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದು ನಿಂತರು. ಆದರೆ ಕೇಂದ್ರವನ್ನು ಉಳಿಸಿದ್ದು ಈ ಸಾಹಸಗಳೂ ಅಲ್ಲ; ಅಕ್ಷರ ಕಲಿಸುವುದು, ಎಲ್ಲ ಜಾತಿಯವರೂ ಕೂಡಿ ಉಣ್ಣುವುದು, ಅಸ್ಪೃಶ್ಯತೆಯನ್ನು ಊಟದೆಲೆಯ ಮುಂದೆಯೇ ಮುರಿಯುವುದು, ಇಂಥ ದಿನಗೆಲಸ. ನಿಲ್ದಾಣದ ವೀರನನ್ನು ಮರೆಯದ ಗಾಂಧೀಜಿ ಈ ಕೆಲಸವನ್ನು ಕಂಡು ಗೋರಾ ಅವರನ್ನು ಹತ್ತಿರ ಕೂರಿಸಿಕೊಂಡರು. ಗೋರಾ ಅವರ ಹಿರಿಯ ಮಗಳು ದಲಿತ ಯುವಕನನ್ನು ಮದುವೆಯಾಗುವುದೆಂದಾದಾಗ, ಪ್ರತಿಜ್ಞೆಯಲ್ಲಿ ದೇವರ ಬದಲು ಸತ್ಯ ಎಂಬ ಮಾತು ಇರಲಿ ಎಂದು ಗಾಂಧೀಜಿ ಒಪ್ಪಿದರು. ಮದುವೆ 1948ರಲ್ಲಿ ಸೇವಾಗ್ರಾಮದಲ್ಲಿ ನಡೆಯುವ ಹೊತ್ತಿಗೆ ಗಾಂಧೀಜಿ ಇರಲಿಲ್ಲ, ಮಾತು ಮಾತ್ರ ಉಳಿಯಿತು. ಪ್ರಾರ್ಥನೆ ಬಿಡದ ಮುದುಕ, ಪ್ರಾರ್ಥನೆ ಮಾಡದ ಅಧ್ಯಾಪಕ, ಇಬ್ಬರೂ ದೇವರ ಗಾತ್ರದ ಲೆಕ್ಕ ಇತ್ಯರ್ಥವಾಗಲೆಂದು ಕಾಯಲಿಲ್ಲ.

ನಮ್ಮ ಬೆಂಗಳೂರಿನಲ್ಲೂ ಇದೇ ಪಾಠ. ಎಚ್. ನರಸಿಂಹಯ್ಯ ಎಂದೊಡನೆ ಎಲ್ಲರಿಗೂ ನೆನಪಾಗುವುದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಅವರು ಮಾಡಿದ ಪವಾಡ ತನಿಖಾ ಸಮಿತಿ. ಪವಾಡಪುರುಷರಿಗೆ ಸಮಿತಿ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ಬರಿಗೈಯಿಂದ ವಿಭೂತಿ ತೆಗೆಯಬಲ್ಲವರಿಗೆ ಒಂದು ಅಂಚೆ ಕಾರ್ಡು ತೆಗೆಯುವುದು ಕಷ್ಟವಾಯಿತೇನೋ. ಸಮಿತಿ ಸುದ್ದಿ ಮಾಡಿತು ನಿಜ. ಆದರೆ ನಾಲ್ಕು ಜನರನ್ನು ವರ್ಷಗಟ್ಟಲೆ ಕೂಡಿಸಿದ್ದು 1962ರಲ್ಲಿ ಅವರು ನ್ಯಾಷನಲ್ ಕಾಲೇಜಿನಲ್ಲಿ ಹುಟ್ಟುಹಾಕಿದ ಬೆಂಗಳೂರು ವಿಜ್ಞಾನ ವೇದಿಕೆ. ಅದೂ ಎಲ್ಲಿ? ಬಸವನಗುಡಿಯಲ್ಲಿ! ಉಪನ್ಯಾಸ ಕೇಳಲು ಬಂದವನನ್ನು ನಾಮವೋ, ವಿಭೂತಿಯೋ, ಬರಿ ಹಣೆಯೋ ಎಂದು ಬಾಗಿಲಲ್ಲಿ ಯಾರೂ ತಪಾಸಣೆ ಮಾಡುತ್ತಿರಲಿಲ್ಲ. ಮದುವೆಯಾಗದೆ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ ಬದುಕಿದ ಖಾದಿಯ ಮನುಷ್ಯನಿಗೆ ನಾಲ್ಕಲ್ಲ, ನಾಲ್ಕು ತಲೆಮಾರಿನ ವಿದ್ಯಾರ್ಥಿಗಳು ‘ನಮ್ಮ ಎಚ್ಚೆನ್’ ಎಂದರು. ಇನ್ನು ಸಾಹಿತಿ ಎ. ಎನ್. ಮೂರ್ತಿರಾಯರು ತಮ್ಮ ತೊಂಬತ್ತರ ಆಚೆ, 1991ರಲ್ಲಿ, ದೇವರಿಲ್ಲ ಎನ್ನುವ ‘ದೇವರು’ ಎಂಬ ಪುಸ್ತಕ ಬರೆದರು. ಅದನ್ನು ಪ್ರೀತಿಯಿಂದ ಓದಿದವರಲ್ಲಿ ಆಸ್ತಿಕರೂ ಇದ್ದರು, ಏಕೆಂದರೆ ಅವರು ಇಲ್ಲ ಎಂಬುದನ್ನೂ ಮೆಲುದನಿಯಲ್ಲಿ ಹೇಳಬಲ್ಲವರಾಗಿದ್ದರು. ನಾಸ್ತಿಕರಿಗೆ ಆಯುಸ್ಸು ಕಡಿಮೆ ಎಂದು ಹೆದರಿಸುವವರಿಗೆ ಒಂದು ಮಾಹಿತಿ: ಮೂರ್ತಿರಾಯರು ನೂರಮೂರು ವರ್ಷ ಬದುಕಿದರು. ಮೇಲೆ ಅವರನ್ನು ಎದುರುಗೊಳ್ಳುವ ಧೈರ್ಯ ಯಾರಿಗೂ ಬಂದಿರಲಿಲ್ಲವೋ ಏನೋ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಮಠ ಬೇಡ ಎಂದವರೇ ಕೂಡಿ ಕೂತರೆ ಅದೂ ಒಂದು ಮಠವಾಗುವುದಿಲ್ಲವೇ? ಆಗುತ್ತದೆ, ಆದದ್ದಿದೆ. ಫ್ರಾನ್ಸಿನ ಆಗಸ್ಟ್ ಕೋಂಟ್ ದೇವರನ್ನು ಕೈಬಿಟ್ಟು ‘ಮಾನವತೆಯ ಧರ್ಮ’ ಸ್ಥಾಪಿಸಿದ. ಪಂಚಾಂಗ ಬೇಡವೆಂದವನು ತಾನೇ ಪಂಚಾಂಗ ಬರೆದ: ವರ್ಷಕ್ಕೆ 13 ತಿಂಗಳು, ತಿಂಗಳಿಗೆ 28 ದಿನ, ಹೋಮರ್ ಮಾಸ, ಅರಿಸ್ಟಾಟಲ್ ಮಾಸ, ಷೇಕ್ಸ್‌ಪಿಯರ್ ಮಾಸ. ಬ್ರೆಜಿಲ್‌ನ ರಿಯೊದಲ್ಲಿ ಆ ಧರ್ಮಕ್ಕೆ ದೇವಾಲಯವನ್ನೇ ಕಟ್ಟಿದರು. ಇನ್ನು ಷೇಕ್ಸ್‌ಪಿಯರ್ ಮಾಸದಲ್ಲಿ ಮದುವೆಗೆ ಮುಹೂರ್ತವಿದೆಯೇ ಎಂದು ಕೇಳುವುದೊಂದು ಬಾಕಿ! ಆದರೆ ಇದರಿಂದ ನಾಸ್ತಿಕರು ಸೇರಲೇಬಾರದು ಎಂದಾಗುವುದಿಲ್ಲ. ಸೇರಿದಾಗ ಯಾರಿಗೂ ಪಾದಪೂಜೆ ಆಗಬಾರದು ಎಂದಷ್ಟೇ ಆಗುತ್ತದೆ. ಮಠವೋ ಸಂಘವೋ ಎಂದು ತಿಳಿಯಲು ಸುಲಭದ ಪರೀಕ್ಷೆ ಇದೆ: ಅಧ್ಯಕ್ಷರು ಮಾತಾಡುವಾಗ ‘ಸಾರ್, ಅದು ಹಾಗಲ್ಲ’ ಎಂದು ಹಿಂದಿನ ಬೆಂಚಿನವನು ಎದ್ದು ನಿಲ್ಲಬಹುದೇ? ಈ ವಿಷಯದಲ್ಲಿ ನಮ್ಮ ವಿಚಾರವಾದಿಗಳನ್ನು ಪೂರ್ತಿ ನಂಬಬಹುದು. ಮೂವರು ವಿಚಾರವಾದಿಗಳು ಸೇರಿದರೆ ನಾಲ್ಕು ಸಂಘ ಹುಟ್ಟುತ್ತವೆಯೇ ಹೊರತು ಒಂದು ಪೀಠ ಹುಟ್ಟುವುದು ಕಷ್ಟ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಹುಟ್ಟಿದ ಮನೆ, ಕೇರಿ, ಜಾತಿ ಕೊಡುವ ನಾಲ್ಕು ಜನ ಸಿದ್ಧವಾಗಿಯೇ ಇರುವಾಗ ಹೊಸಬರೇಕೆ? ಸುಮ್ಮನೆ ಅವರ ಜತೆ ಹಬ್ಬದ ಕಡುಬು ತಿಂದುಕೊಂಡು ಇರಬಾರದೇ? ಕಡುಬಿಗೆ ನನ್ನ ವಿರೋಧವಿಲ್ಲ. ಅಕ್ಕಿ ರೈತನದು, ಬೆಲ್ಲ ಆಲೆಮನೆಯದು, ಅದರಲ್ಲಿ ದೇವರ ಪಾಲು ನೈವೇದ್ಯದ ಐದು ನಿಮಿಷ ಮಾತ್ರ. ಆದರೆ ಸಿದ್ಧವಾಗಿ ಸಿಗುವ ನಾಲ್ಕು ಜನ ಷರತ್ತಿನ ಮೇಲೆ ಸಿಗುತ್ತಾರೆ: ನೀನು ಯಾರ ಪೈಕಿ? ಉತ್ತರ ಸರಿಯಿದ್ದರೆ ಎಲೆ ಒಳಗೆ, ಇಲ್ಲದಿದ್ದರೆ ಹೊರಗೆ. ಸಂಪಾದಿಸಿದ ನಾಲ್ಕು ಜನ ಕೇಳುವುದು ‘ಊಟ ಆಯಿತಾ’ ಎಂದಷ್ಟೇ. ಹಾಗೆಂದು ನಾಸ್ತಿಕರೆಲ್ಲ ಪುಟಕ್ಕಿಟ್ಟ ಚಿನ್ನವೇನಲ್ಲ. ಜಾತಿಯನ್ನು ನಂಬದ, ಆದರೆ ನಮ್ಮವರಲ್ಲೇ ಆದ ವಧು ಹುಡುಕುವ ವಿಚಾರವಾದಿ ನಮ್ಮಲ್ಲಿ ಅಪರೂಪವಲ್ಲ. ಇನ್ನು ಗಂಡಸರ ನಾಸ್ತಿಕತೆಗೆ ಹೆಚ್ಚಿನ ಮನೆಗಳಲ್ಲಿ ಹೆಂಗಸರ ಸಬ್ಸಿಡಿ ಇರುತ್ತದೆ. ಯಜಮಾನರು ಹೊರಗೆ ಕೂತು ದೇವರಿಲ್ಲವೆಂದು ಸಾಧಿಸುತ್ತಿರುವಾಗ ಒಳಗೆ ಆಕೆ ದೀಪ ಹಚ್ಚಿ, ಗೌರಿಗೆ ಬಾಗಿನ ಕೊಟ್ಟು, ನೆಂಟರನ್ನೆಲ್ಲ ಸಂಭಾಳಿಸಿ, ಇವರ ತಾಟಿಗೂ ಎರಡು ಒಬ್ಬಟ್ಟು ಹಾಕುತ್ತಾಳೆ. ನಾಲ್ಕು ಜನರ ಜತೆಗಿನ ಸಂಬಂಧವೆಲ್ಲ ಆಕೆಯ ಖಾತೆಯಲ್ಲಿ; ವೈಚಾರಿಕತೆ ಇವರ ಖಾತೆಯಲ್ಲಿ. ಸರಸ್ವತಿ ಗೋರಾ ಹೊರಗೆ ನಿಂತು ನೋಡಿದ ಗ್ರಹಣ ಈ ಮನೆಗಳಿಗೆ ಇನ್ನೂ ಬಿಟ್ಟಿಲ್ಲ.

ನಾಲ್ಕು ಜನ ಬೇಕೇಬೇಕಾಗುವುದು ಕೊನೆಗೂ ಎರಡು ಸಲ: ಮದುವೆಗೆ, ಸಾವಿಗೆ. ಸಾವಿನ ಮನೆಯಲ್ಲಿ ಧರ್ಮದ ವ್ಯವಸ್ಥೆ ಎಷ್ಟು ಚೊಕ್ಕ ಎಂಬುದನ್ನು ನಾಸ್ತಿಕ ಮುಕ್ತವಾಗಿ ಒಪ್ಪಬೇಕು. ಒಲೆ ಹಚ್ಚದ ಮನೆಗೆ ಪಕ್ಕದ ಮನೆಯಿಂದ ಅನ್ನ ಬರುತ್ತದೆ. ಹದಿಮೂರು ದಿನ ಯಾರಾದರೊಬ್ಬರು ಬಂದು ಕೂರುತ್ತಾರೆ. ದುಃಖಕ್ಕೂ ಒಂದು ವೇಳಾಪಟ್ಟಿ ಇರುತ್ತದೆ. ಕರ್ಮಾಂತರ ಬೇಡ ಎಂದ ಮನೆಯಲ್ಲಿ ಮೂರನೆಯ ದಿನವೇ ಎಲ್ಲರೂ ಹೊರಟುಹೋಗಿ ಗೋಡೆ ಗಡಿಯಾರವೊಂದೇ ಮಾತಾಡುತ್ತದೆ. ದೇಹದಾನಕ್ಕೆ ಬರೆದುಕೊಟ್ಟರೂ ಆಸೆ ನೆರವೇರುವುದು, ಆ ಹೊತ್ತಿನಲ್ಲಿ ಪುರೋಹಿತರಿಗೆ ಬದಲು ಮೆಡಿಕಲ್ ಕಾಲೇಜಿಗೆ ಫೋನ್ ಮಾಡುವ ಗಟ್ಟಿಗರು ಮನೆಯಲ್ಲಿದ್ದರೆ ಮಾತ್ರ. ಸತ್ತವನ ತತ್ವ ಬದುಕಿದ್ದವರ ಕೈಯಲ್ಲಿ. ಮದುವೆಯ ವಿಷಯದಲ್ಲಿ ಕುವೆಂಪು ದಾರಿ ತೋರಿದ್ದಾರೆ. ಅವರು ನಾಸ್ತಿಕರಲ್ಲ, ಆದರೂ 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಪುರೋಹಿತರಿಲ್ಲದೆ, ಆಡಂಬರವಿಲ್ಲದೆ, ಅರ್ಥ ತಿಳಿದು ಆಡುವ ಮಾತಿನಿಂದ ನಡೆಸಿ ‘ಮಂತ್ರ ಮಾಂಗಲ್ಯ’ಕ್ಕೆ ನಾಂದಿ ಹಾಡಿದರು. ಅಷ್ಟೂ ಬೇಡವೆನ್ನುವವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ದೇವರ ಮದುವೆಗೆ ಮುಹೂರ್ತ ಮೀರುವಂತಿಲ್ಲ. ದೇವರಿಲ್ಲದ ಮದುವೆಗೆ ಸರ್ಕಾರ ಮೂವತ್ತು ದಿನದ ನೋಟಿಸು ಅಂಟಿಸಿ ನಿಧಾನವಾಗಿ ಕಾಯುತ್ತದೆ. ಆಮೇಲೆ ಅದು ಅಗ್ನಿಯನ್ನು ಕೇಳುವುದಿಲ್ಲ, ಅರುಂಧತಿಯನ್ನು ಕೇಳುವುದಿಲ್ಲ. ಕೇಳುವುದು ಮೂವರು ಸಾಕ್ಷಿಗಳನ್ನು. ನಾಸ್ತಿಕನಿಗೆ ಕನಿಷ್ಠ ಮೂವರಾದರೂ ಇರಬೇಕು ಎಂದು ಕಾನೂನೇ ಹೇಳಿದ ಮೇಲೆ ನನ್ನ ವಾದಕ್ಕೆ ಬೇರೆ ಪುರಾವೆ ಬೇಕಿಲ್ಲ. ನಾಲ್ಕನೆಯವರು ಸಹಿ ಹಾಕಬೇಕಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲೆ ನಿಂತು ಫೋಟೋ ತೆಗೆದರೆ ಸಾಕು. ಅವರು ಬರುವ ದಾರಿಯಲ್ಲಿ ಗುಡಿಗೆ ಹೋಗಿ ವಧೂವರರ ಹೆಸರಿನಲ್ಲಿ ಅರ್ಚನೆ ಮಾಡಿಸಿಕೊಂಡು ಬಂದಿದ್ದರೆ ಮುಖ ಗಂಟಿಕ್ಕಬೇಡಿ. ಕುಂಕುಮ ಬೇಡವೆನ್ನಿ, ತೆಂಗಿನಕಾಯಿ ಹೋಳು ಇಸಿದುಕೊಳ್ಳಿ, ಸಂಜೆಯ ಚಟ್ನಿಗಾಗುತ್ತದೆ.