ಬಿಸಿ ಚಾಕೊಲೇಟಿನ ಸಾಂದ್ರತಾ ಮೀಮಾಂಸೆ: ಒಂದು ಬಹುಶಿಸ್ತೀಯ ಅನುಸಂಧಾನ

ಬಿಸಿ ಚಾಕೊಲೇಟಿನ ತಾತ್ವಿಕ ಆಯಾಮಗಳನ್ನು ಕನ್ನಡ ವಿದ್ವತ್ ಲೋಕ ಈವರೆಗೆ ಅಲಕ್ಷಿಸಿರುವುದು ವಿಷಾದನೀಯ. ಈ ಕೊರತೆಯನ್ನು ತುಂಬಲೆಂದು ಸಂಶೋಧಕರೊಬ್ಬರು ಇಂದಿರಾನಗರದ ಇಟಾಲಿಯನ್ ರೆಸ್ಟೊರೆಂಟೊಂದರಲ್ಲಿ ಕ್ಷೇತ್ರಕಾರ್ಯ ಕೈಗೊಂಡರು. ಅಧ್ಯಯನದ ವ್ಯಾಪ್ತಿ: ಒಂದು ಕಪ್. ಅಧ್ಯಯನದ ಮಿತಿ: ಜೇಬು.

ಚಮಚದ ನೆಲೆಯಿಂದ ನೋಡಿದರೆ ಸದರಿ ಪಾನೀಯದಲ್ಲಿ ಮೂರು ಪ್ರಕಾರಗಳಿವೆ. ನೆಟ್ಟ ಚಮಚ ನೆಟ್ಟಗೆ ನಿಂತರೆ ಊರ್ಧ್ವಚಮಚ. ವಾಲಿದರೆ ಪತನೋನ್ಮುಖಚಮಚ. ಮುಳುಗಿದರೆ ಮಗ್ನಚಮಚ, ಅಂದರೆ ಮನೆಯಲ್ಲಿ ಮಕ್ಕಳಿಗೆ ಕೊಡುವ ಹಾಲು. ಇವುಗಳ ಒಳಪ್ರಭೇದಗಳನ್ನು ಪಟ್ಟಿ ಮಾಡುವಷ್ಟರಲ್ಲಿ ಕಪ್ಪಿನ ಮೇಲೆ ಕೆನೆ ಕಟ್ಟಿದ್ದರಿಂದ ಆ ಕೆಲಸವನ್ನು ಮುಂದಿನ ಪೀಳಿಗೆಗೆ ಬಿಡಲಾಗಿದೆ.

ಇಟಲಿಯ ‘ಚೊಕೊಲಾತಾ ಕಾಲ್ದಾ’ ದಪ್ಪಗಿರಲು ಕಾರಣ ‘ಪಿಷ್ಟಾಧಾರಿತ ಸಾಂದ್ರೀಕರಣ ಪ್ರಕ್ರಿಯೆ’. ಸಾಮಾನ್ಯವಾಗಿ ಅದು ಒಂದು ಚಮಚ ಕಾರ್ನ್‌ಫ್ಲೋರ್. ಬಿಸಿಗೆ ಪಿಷ್ಟದ ಕಣಗಳು ನೀರು ಹೀರಿ ಊದುತ್ತವೆ. ರಾಗಿ ಅಂಬಲಿ ಕಾಸಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಐತಿಹಾಸಿಕ ಹಿನ್ನೆಲೆಯೂ ಪ್ರಬಂಧಕ್ಕೆ ಕಡ್ಡಾಯ. ಚಾಕೊಲೇಟ್ ಕುಡಿದರೆ ಉಪವಾಸ ಕೆಡುತ್ತದೆಯೇ ಎಂಬ ವಿವಾದ ಎದ್ದಾಗ, ಪಾನೀಯ ಉಪವಾಸ ಮುರಿಯದು ಎಂದು ಹದಿನೇಳನೆಯ ಶತಮಾನದಲ್ಲಿ ಕಾರ್ಡಿನಲ್ ಬ್ರಾಂಕಾಚೊ ವಾದಿಸಿದರು. ಊರ್ಧ್ವಚಮಚ ಪ್ರಕಾರಕ್ಕೂ ಇದು ಅನ್ವಯಿಸೀತೇ? ಏಕಾದಶಿಯಂದು ಎರಡು ತಟ್ಟೆ ಅವಲಕ್ಕಿ ತಿನ್ನುವವರೇ ಹೇಳಬೇಕು. ಫ್ಲಾರೆನ್ಸಿನ ರಾಜವೈದ್ಯ ಫ್ರಾಂಚೆಸ್ಕೊ ರೇಡಿ ಚಾಕೊಲೇಟಿಗೆ ಮಲ್ಲಿಗೆಯ ಕಂಪು ಹತ್ತಿಸಿ, ವಿಧಾನವನ್ನು ಗುಟ್ಟಾಗಿಟ್ಟಿದ್ದ. ಟ್ಯೂರಿನ್ನಿನಲ್ಲಿ 1763ರಲ್ಲಿ ಶುರುವಾದ ಕೆಫೆಯೊಂದು ಇಂದಿಗೂ ‘ಬಿಚೆರಿನ್’ ಕೊಡುತ್ತದೆ: ಪುಟ್ಟ ಗ್ಲಾಸಿನಲ್ಲಿ ಕಾಫಿ, ಚಾಕೊಲೇಟ್, ಕೆನೆ, ಒಂದರ ಮೇಲೊಂದು ಪದರ. ಇಂದಿರಾನಗರದ ಮೆನುವಿನಲ್ಲೂ ಬಿಚೆರಿನ್ ಇತ್ತು, ‘ಪೀಡ್‌ಮಾಂಟಿನ ಆತ್ಮ’ ಎಂಬ ಉಪಶೀರ್ಷಿಕೆಯೊಡನೆ. ಪರೀಕ್ಷಿಸಿದ ಮಾದರಿಯಲ್ಲಿ ಕಾಫಿ ಪತ್ತೆಯಾಗಲಿಲ್ಲ. ಬೆಂಗಳೂರಿನಲ್ಲಿ ಕಾಫಿಗೆ ಬರವೇ!

ಕೊಕ್ಕೋ ಎಲ್ಲಿಯದೆಂದು ವಿಚಾರಿಸಿದಾಗ ವೇಟರ್ ಹೆಮ್ಮೆಯಿಂದ, “ಇಟಲಿ, ಸರ್. ಇಂಪೋರ್ಟೆಡ್” ಎಂದ.

ಇಲ್ಲಿ ಸಂಶೋಧಕರ ವಸ್ತುನಿಷ್ಠತೆ ಕೈಕೊಟ್ಟಿತು. ಇಟಲಿಯ ತೋಟಗಳಲ್ಲಿ ಕೊಕ್ಕೋ ಬೆಳೆಯುವುದಿಲ್ಲ. ಅದಕ್ಕೆ ಸಮಭಾಜಕದ ಆಸುಪಾಸಿನ ಸೆಕೆ, ಮಳೆ, ನೆರಳು ಬೇಕು. ಜಗತ್ತಿನ ಅರ್ಧಕ್ಕೂ ಹೆಚ್ಚು ಬೀಜ ಐವರಿ ಕೋಸ್ಟ್ ಮತ್ತು ಘಾನಾದಿಂದ ಬರುತ್ತದೆ; ಅಲ್ಲಿನ ತೋಟಗಳಲ್ಲಿ ಮಕ್ಕಳೂ ದುಡಿಯುತ್ತಾರೆ. ಅಷ್ಟು ದೂರ ಹೋಗುವುದೂ ಬೇಡ. ಪುತ್ತೂರು, ಸುಳ್ಯದ ಅಡಿಕೆ ಮರಗಳ ನಡುವೆ ಕೊಕ್ಕೋ ಇದೆ. ಅಳಿಲು, ಮಂಗ ಕೊರೆದು ಉಳಿಸಿದ ಕೋಡನ್ನು ಕೊಯ್ದು, ಬೀಜಕ್ಕೆ ಕತ್ತಿ ತಾಗದಂತೆ ಗುದ್ದಿ ಒಡೆದು, ಬಿಳಿ ತಿರುಳಂಟಿದ ಹಸಿ ಬೀಜವನ್ನು ಬೆರಳಿನಿಂದ ಬಾಚಬೇಕು. ಅದು ದಿನಗಟ್ಟಲೆ ಹುದುಗಿ, ಒಣಗಿ, ಹುರಿದ ಮೇಲಷ್ಟೇ ಚಾಕೊಲೇಟಿನ ವಾಸನೆ. ‘ಆತ್ಮ’ ಎನ್ನುವುದಿದ್ದರೆ ಆ ಹುದುಗಿನಲ್ಲಿದೆ.

ಹಿಂದೊಮ್ಮೆ ಬೆಲೆ ಬಿದ್ದು ಖಾಸಗಿಯವರು ಹಿಂದೆ ಸರಿದಾಗ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಕಾರ್ಖಾನೆಯನ್ನೇ ತೆರೆಯಿತು. ಈ ಇತಿಹಾಸಕ್ಕೆ ಯಾವ ಮೆನುವಿನಲ್ಲೂ ಉಪಶೀರ್ಷಿಕೆ ಸಿಕ್ಕಿಲ್ಲ. 2024ರ ಡಿಸೆಂಬರಿನಲ್ಲಿ ಕೊಕ್ಕೋ ಟನ್ನಿಗೆ 12,000 ಡಾಲರ್ ದಾಟಿತು. ಮರುವರ್ಷದ ಕೊನೆಗೆ ಅರ್ಧಕ್ಕೂ ಕೆಳಗಿಳಿಯಿತು. ಏರಿದಾಗ ಕಪ್ಪಿನ ದರಪಟ್ಟಿಗೆ ಹೊಸ ಅಂಕಿ ಅಂಟಿಸಿದವರು ಇಳಿದಾಗ ಅದನ್ನು ಕಿತ್ತರೇ? ಇಳಿದದ್ದು ಹಸಿ ಬೀಜದ ಚೀಲ ಹೊತ್ತು ತಂದವನ ತಲೆಗೆ ಮಾತ್ರ ತಗುಲುತ್ತದೆ. ಸಾಲ ಮಾಡಿ ಗಿಡ ನೆಟ್ಟವನೂ ಅವನೇ.