ಮೂರು ಸೆಕೆಂಡಿನ ದೃಷ್ಟಿ

ಬಾಪೂಜಿ ನಗರದ ನಮ್ಮ ಎದುರುಮನೆ ಅಜ್ಜಿ ಮೊಮ್ಮಗಳ ಜೊತೆ ‘ಕಿಮಿ ನಿ ತೊದೊಕೆ’ ಅನ್ನೋ ಜಪಾನಿ ಅನಿಮೆ ನೋಡತೊಡಗಿದ ಮೇಲೆ ಕನ್ನಡ ಧಾರಾವಾಹಿಗಳ ಪಾಡು ಕೇಳುವವರಿಲ್ಲ. ಇದರ ಮೂಲವಾದ ಕರುಹೊ ಶೀನಾ ಅವರ ಮಾಂಗಾ (ಚಿತ್ರಕಥೆ) 30 ಸಂಪುಟ ಬೆಳೆದು 2017ರಲ್ಲಿ ಮುಗಿಯಿತು. ಅನಿಮೆ ಶುರುವಾದದ್ದು 2009ರಲ್ಲಿ, ಮೂರನೇ ಸೀಸನ್ ಬಂದದ್ದು 2024ರಲ್ಲಿ. ಅಷ್ಟರಲ್ಲಿ ನಮ್ಮ ಮೆಟ್ರೋನೇ ಕೆಂಗೇರಿ ದಾಟಿತ್ತು!

ನಾಯಕಿ ಸವಾಕೊ ಕೂದಲು ಇಳಿಬಿಟ್ಟ ಮೌನಿ. ಸಹಪಾಠಿಗಳಿಗೆ ಅವಳು ‘ರಿಂಗ್’ ಸಿನಿಮಾದ ದೆವ್ವ ಸದಾಕೊ. ಅವಳ ಕಣ್ಣನ್ನು ಮೂರು ಸೆಕೆಂಡು ನೋಡಿದರೆ ಕೇಡು ಅಂತ ಗುಲ್ಲು. ಅಜ್ಜಿಗೆ ಇದೊಂದು ಸಮಸ್ಯೆಯೇ ಅಲ್ಲ: “ಅಮಾವಾಸ್ಯೆಗೊಂದು ಬೂದುಗುಂಬಳಕಾಯಿ ಒಡೆದ್ರಾಯ್ತು. ಮೊದ್ಲು ಎಣ್ಣೆ ಹಚ್ಚಿ ಜಡೆ ಹಾಕ್ಲಿ.”

ಕಷ್ಟ ನಾಯಕ ಕಜೆಹಾಯನದ್ದು. ನಗುಮುಖದ ಒಳ್ಳೆಯ ಹುಡುಗ, ಆದರೆ ಮನಸ್ಸಿನ ಮಾತು ಬಾಯಿಗೆ ಬರುವ ಮುಂಚೆ ಮೊದಲ ಸೀಸನ್ನೇ ಮುಗಿದಿರುತ್ತದೆ. ಹುಡುಗಿ ಕೆಂಪಾಗುತ್ತಾಳೆ, ಹುಡುಗನೂ ಕೆಂಪಾಗುತ್ತಾನೆ, ಸಿಗ್ನಲ್ ಹಸಿರಾಗುವುದೇ ಇಲ್ಲ. ಥೇಟ್ ಸಂಜೆ ಏಳರ ಮೈಸೂರು ರಸ್ತೆ.

ತ್ರಿವೇಣಿಯವರ ಕಾದಂಬರಿಗಳನ್ನು ಓದಿ, ಪುಟ್ಟಣ್ಣನವರು ಅವನ್ನೇ ತೆರೆಗೆ ತಂದಾಗ ‘ಬೆಳ್ಳಿಮೋಡ’, ‘ಶರಪಂಜರ’ಕ್ಕೆ ಸೆರಗು ಒದ್ದೆ ಮಾಡಿಕೊಂಡವರು ಅಜ್ಜಿ. “ಕಲ್ಪನಾ ಆಗಿದ್ದಿದ್ರೆ ಇಷ್ಟೊತ್ತಿಗೆ ಎರಡು ಹಾಡು, ಒಂದು ಅಳು ಮುಗಿದಿರ್ತಿತ್ತು” ಅಂತ ಆ ಚಿತ್ರಗಳ ನಾಯಕಿಯನ್ನು ನೆನೆದು ಗೊಣಗುತ್ತಾರೆ. ಗೊಣಗಿದರೂ ರಿಮೋಟ್ ಮಾತ್ರ ಬಿಡುವುದಿಲ್ಲ. ನನಗಂತೂ ಈ ನಿಧಾನವೇ ಇಷ್ಟ. ನಮ್ಮ ನಾಯಕರು ಮೊದಲ ರೀಲಿನಲ್ಲೇ ಹುಡುಗಿಯ ಹಿಂದೆ ಬೀಳುವುದನ್ನು ನೋಡಿ ಸಾಕಾಗಿದೆ.

ಮೊನ್ನೆ ಮೊಮ್ಮಗಳು ಆಫೀಸಿಗೆ ಹೊರಟಿದ್ದಳು. ಅಜ್ಜಿ ಗೇಟಿನಿಂದಲೇ ಕೂಗಿದರು: “ಅವನೇನಾದ್ರೂ ಇವತ್ತು ಬಾಯ್ಬಿಡೋ ಹಾಗಿದ್ರೆ ನಾನು ನೋಡ್ಬಿಡ್ತೀನಿ, ನಿನಗೋಸ್ಕರ ಕಾಯಲ್ಲ!”